ರಾತ್ರಿಯ ಎರಡು ನಿಮಿಷ

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ಬೆಳಗಿನಲ್ಲಿ ಎಲ್ಲದಕ್ಕೂ ನಿಮಿಷದ ಲೆಕ್ಕ. ನಳದ ನೀರು ನಿಲ್ಲುವ ಹೊತ್ತು, ಡೊಂಬಿವಲಿಯಿಂದ ಹೊರಡುವ ಫಾಸ್ಟ್ ಲೋಕಲ್, ಗಲ್ಲಿಯ ತುದಿಗೆ ಬರುವ ಶಾಲೆಯ ಬಸ್ಸು, ಇನ್ನೂ ತುಂಬದ ಡಬ್ಬಿ. ಇವುಗಳ ನಡುವೆ ಮೂರು ವರ್ಷದ ಮಗು ಮೋರಿಯ, ಅಂದರೆ ಮನೆಯೊಳಗಿನ ಬಚ್ಚಲುಮೂಲೆಯ, ಬಳಿ ಹಲ್ಲುಜ್ಜಲು ಒಲ್ಲದೆ ತುಟಿ ಬಿಗಿದು ನಿಂತರೆ ತಾಯಿಯ ದನಿ ಏರುವುದು ಸಹಜ. ಮಗನನ್ನೂ ಆಮೇಲೆ ಮೊಮ್ಮಗನನ್ನೂ ಇದೇ ಊರಿನ ಎರಡು ಕೋಣೆಯ ಮನೆಯಲ್ಲಿ ಬೆಳೆಸಿದ ನಾನು ತಡವಾಗಿ ಕಂಡುಕೊಂಡದ್ದು ಇಷ್ಟು: ಹಲ್ಲುಜ್ಜುವ ಮುಖ್ಯ ಕೆಲಸವನ್ನು ರಾತ್ರಿಗೆ ಸರಿಸಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಬೆಳಿಗ್ಗೆಯೂ ಉಜ್ಜಬೇಕು, ನಿಜ. ಆದರೆ ಗಡಿಬಿಡಿಯ ದಿನ ಮಗು ತಾನೇ ಬ್ರಷ್ ಆಡಿಸಿದ್ದು ಸಾಕೆಂದುಕೊಂಡರೂ ನಡೆದೀತು, ರಾತ್ರಿಯದನ್ನು ಮಾತ್ರ ಬಿಡುವಂತಿಲ್ಲ.

ಕಾರಣ ಬಾಯೊಳಗೇ ಇದೆ. ಬಿಸ್ಕತ್ತು, ಚಿಕ್ಕಿಗಳ ಸಕ್ಕರೆಯನ್ನು ಹಲ್ಲಿಗಂಟಿದ ಸೂಕ್ಷ್ಮಜೀವಿಗಳು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲಿನ ಹೊರಪದರವನ್ನು ಕರಗಿಸುತ್ತದೆ. ಹಗಲಿನಲ್ಲಿ ಜೊಲ್ಲು ಅದನ್ನು ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಜೊಲ್ಲು ಊರುವುದೇ ಬಹಳ ಕಡಿಮೆ. ಮಗುವಿನ ದಿಂಬು ಒದ್ದೆಯಾಗುವುದನ್ನು ಕಂಡವರು ಇದನ್ನು ಒಪ್ಪಲಿಕ್ಕಿಲ್ಲ, ಆದರೆ ಅದು ನುಂಗದೆ ಹೊರಗೆ ಹರಿದ ಜೊಲ್ಲು, ಹೆಚ್ಚು ಊರಿದ್ದಲ್ಲ. ಹಾಲಿನ ಬಾಟಲಿ ಕಚ್ಚಿಕೊಂಡೇ ಮಲಗುವ ಮಕ್ಕಳ ಮುಂದಿನ ಮೇಲುಹಲ್ಲುಗಳು ಬೇಗ ಹುಳುಕಾಗುವುದೂ ಇದರಿಂದಲೇ. ಹಾಲುಹಲ್ಲು ತಾನೆ, ಹೇಗೂ ಬೀಳುತ್ತದೆ ಎನ್ನುವವರಿದ್ದಾರೆ. 20 ಹಾಲುಹಲ್ಲುಗಳಲ್ಲಿ ಹಿಂದಿನ ದವಡೆಹಲ್ಲುಗಳು 10ರಿಂದ 12 ವರ್ಷದವರೆಗೂ ಅಗಿಯಬೇಕಾದವು.

ಇನ್ನು ವಿಧಾನ. ಊಟವಾದ ಮೇಲೆ, ನಿದ್ದೆ ಕಣ್ಣಿಗೆ ಹತ್ತುವ ಮೊದಲೇ, ಚಾಪೆಯ ಮೇಲೆ ಕುಳಿತು ಮಗುವಿನ ತಲೆಯನ್ನು ನಿಮ್ಮ ತೊಡೆಯ ಮೇಲಿಟ್ಟುಕೊಳ್ಳಿ. ನಿಂತ ಮಗುವಿನ ಬಾಯಲ್ಲಿ ಕಾಣದ ಹಿಂಬದಿಯ ಹಲ್ಲುಗಳು ಈಗ ಸ್ಪಷ್ಟವಾಗಿ ಕಾಣುತ್ತವೆ. ಮೊದಲು ಬ್ರಷ್ಷನ್ನು ಅದರ ಕೈಗೇ ಕೊಡಿ, ಆಮೇಲೆ ನಿಮ್ಮ ಸರದಿ. ಮೃದುವಾದ ಎಳೆಗಳ ಪುಟ್ಟ ಬ್ರಷ್ಷನ್ನು ಒಸಡಿನಂಚಿನಲ್ಲಿ ಸಣ್ಣ ಸುತ್ತುಗಳಾಗಿ ಆಡಿಸುತ್ತಾ, ಅಜ್ಜಿಯ ಊರಿನ ಎಮ್ಮೆಯ ಕಥೆಯನ್ನೋ ಸ್ಟೇಷನ್ನುಗಳ ಹೆಸರನ್ನೋ ಹೇಳಿ. ನಮ್ಮ ಮನೆಯಲ್ಲಿ ಬ್ರಷ್ ಡೊಂಬಿವಲಿಯಿಂದ ಹೊರಟು, ದಾದರ್ ದಾಟಿ, ಕೊನೆಯ ಸ್ಟೇಷನ್ ಸಿಎಸ್‌ಎಂಟಿ ತಲುಪುವ ಹೊತ್ತಿಗೆ ಎರಡು ನಿಮಿಷ ಆಗಿಯೇ ಹೋಗುತ್ತಿತ್ತು. ಫ್ಲೋರೈಡ್ ಇರುವ ಪೇಸ್ಟು ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಉಗುಳಿದ ಮೇಲೆ ನೀರಿನಿಂದ ಬಹಳ ಮುಕ್ಕಳಿಸುವುದು ಬೇಡ, ಫ್ಲೋರೈಡ್ ತೊಳೆದುಹೋಗುತ್ತದೆ.

ಹೆದರಿಸುವುದರಿಂದ ಲಾಭವಿಲ್ಲ. ಹಲ್ಲಿನಲ್ಲಿ ಹುಳವಿದೆ ಎಂದು ನಾನೊಮ್ಮೆ ಹೇಳಿದ್ದಕ್ಕೆ, ಹುಳ ಹೊರಗೆ ಬಂದೀತೆಂದು ಮೊಮ್ಮಗ ಎರಡು ದಿನ ಬಾಯಿಯನ್ನೇ ತೆರೆಯಲಿಲ್ಲ. ಡಾಕ್ಟರು ಸೂಜಿ ಚುಚ್ಚುತ್ತಾರೆ ಎಂದು ಬೆದರಿಸಿದ ತಾಯಿ, ಮುಂದೆ ಆ ಡಾಕ್ಟರ ಬಳಿಗೇ ಅಳುವ ಮಗುವನ್ನು ಎತ್ತಿಕೊಂಡು ಹೋಗಬೇಕಾಗುತ್ತದೆ. ಮಕ್ಕಳು ನೋಡಿ ಕಲಿಯುವವರು; ಆದ್ದರಿಂದ ಅವರೆದುರಿಗೆ ನೀವೂ ಉಜ್ಜಿಕೊಳ್ಳಿ. ನಮ್ಮ ಚಾಳುಗಳಲ್ಲಿ ಹಿರಿಯರು ಮಶೇರಿ ಹಚ್ಚುವುದನ್ನು ಕಂಡು ಮಕ್ಕಳೂ ಬೆರಳು ಚಾಚುವುದುಂಟು. ಅದು ಸುಟ್ಟ ತಂಬಾಕಿನ ಪುಡಿ, ಹಲ್ಲಿಗೆ ಒಳ್ಳೆಯದೆಂಬ ಮಾತಿನಲ್ಲಿ ಹುರುಳಿಲ್ಲ. ಮನೆಯ ಹಿರಿಯರಿಗೆ ಇದನ್ನು ಹೇಳುವುದು ಮಗುವಿಗೆ ಹಲ್ಲುಜ್ಜಿಸುವುದಕ್ಕಿಂತ ಕಷ್ಟವೆಂಬುದನ್ನೂ ಬಲ್ಲೆ.

ಮಗು ಏಳೆಂಟು ವರ್ಷದವರೆಗೂ, ಅಂದರೆ ಬೂಟಿನ ಲೇಸನ್ನು ತಾನೇ ಚೆನ್ನಾಗಿ ಕಟ್ಟಿಕೊಳ್ಳುವವರೆಗೂ, ಬ್ರಷ್ಷಿನ ಮೇಲೆ ನಿಮ್ಮ ಕೈ ಇರಲಿ. ಸುಮಾರು ಆರನೆಯ ವರ್ಷದಲ್ಲಿ ಕೊನೆಯ ಹಾಲುಹಲ್ಲಿನ ಹಿಂದೆ, ಯಾವ ಹಲ್ಲನ್ನೂ ಬೀಳಿಸದೆ, ಹೊಸ ದವಡೆಹಲ್ಲೊಂದು ಸದ್ದಿಲ್ಲದೆ ಮೂಡುತ್ತದೆ. ಎಷ್ಟೋ ತಂದೆತಾಯಿಗಳು ಅದನ್ನೂ ಹಾಲುಹಲ್ಲೆಂದೇ ಎಣಿಸುತ್ತಾರೆ; ಅದು ಬಾಳಿನುದ್ದಕ್ಕೂ ಉಳಿಯಬೇಕಾದ ಹಲ್ಲು. ಆ ವಯಸ್ಸಿನಲ್ಲಿ ವಾರಕ್ಕೊಮ್ಮೆಯಾದರೂ ಟಾರ್ಚ್ ಹಿಡಿದು ಬಾಯಿಯ ಹಿಂಭಾಗವನ್ನು ನೋಡಿ, ಬ್ರಷ್ಷನ್ನು ಅಲ್ಲಿಯವರೆಗೂ ಕೊಂಡೊಯ್ಯಿರಿ.

ನಮಸ್ಕಾರ.