ಖುಲಾಸೆಯಾದ ಮಾತ್ರಕ್ಕೆ ಪರಿಹಾರ ಸಿಗದು

ಕೇಳುಗರಿಗೆ ನಮಸ್ಕಾರ.

ಸುಳ್ಳು ಕೇಸು ಹಾಕಿ ವರ್ಷಗಟ್ಟಲೆ ಕೋರ್ಟಿಗೆ ಅಲೆಸಿದವರ ಮೇಲೆ ಪರಿಹಾರ ಕೇಳಿ ಸಿವಿಲ್ ದಾವೆ ಹೂಡಬಹುದು. ದುರುದ್ದೇಶಪೂರಿತ ಪ್ರಾಸಿಕ್ಯೂಷನ್ ಅಂತ ಅದರ ಹೆಸರು. ಹೂಡಿ ಸೋತವರು ಸಾಮಾನ್ಯವಾಗಿ ಎಡವುವುದು ಒಂದೇ ಜಾಗದಲ್ಲಿ. ಇವತ್ತು ಆ ಜಾಗದ ಬಗ್ಗೆಯೇ ಮಾತು.

"ಕೋರ್ಟೇ ಬಿಟ್ಟು ಕಳಿಸಿದೆಯಲ್ಲ ಸ್ವಾಮಿ, ಇನ್ನೇನು ಸಾಬೀತು ಮಾಡಬೇಕು?" ಅಂತ ಕೇಳುತ್ತಾರೆ. ಮಾಡಬೇಕು. ದೂರು ಕೊಟ್ಟವನಿಗೆ ಹಾಗೆ ದೂರಲು ಸರಿಯಾದ ಕಾರಣ ಇರಲಿಲ್ಲ ಅಂತ ನೀವು ತೋರಿಸಬೇಕು. ಅವನ ಉದ್ದೇಶ ಕೆಟ್ಟದ್ದು ಅಂತಲೂ ನೀವೇ ತೋರಿಸಬೇಕು. ಕಾರಣ ಬೇರೆ, ಉದ್ದೇಶ ಬೇರೆ. ಎರಡೂ ಬೇಕು.

ಇಂಗ್ಲೆಂಡಿನ ಡಾಕ್ಟರ್ ಅಬ್ರಾತ್ ಅವರ ಪ್ರಕರಣ ಕೇಳಿ. ರೈಲು ಅಪಘಾತದಲ್ಲಿ ತನಗೆ ಪೆಟ್ಟಾಯಿತು ಅಂತ ಒಬ್ಬ ನಾರ್ತ್ ಈಸ್ಟರ್ನ್ ರೈಲ್ವೆ ಕಂಪನಿಯಿಂದ ಪರಿಹಾರ ವಸೂಲಿ ಮಾಡಿದ. ಚಿಕಿತ್ಸೆ ಕೊಟ್ಟವರು ಅಬ್ರಾತ್. ಆಮೇಲೆ ಕಂಪನಿಗೆ ಸುಳಿವು ಸಿಕ್ಕಿತು: ಆ ಪೆಟ್ಟು ಅಪಘಾತದ್ದಲ್ಲ, ರೋಗಿಯ ಒಪ್ಪಿಗೆ ಪಡೆದು ಡಾಕ್ಟರೇ ಆ ಲಕ್ಷಣಗಳನ್ನು ಬರಿಸಿದ್ದಾರೆ ಅಂತ. ಕಂಪನಿ ತಕ್ಷಣ ಕೇಸು ಹಾಕಲಿಲ್ಲ. ವಿಚಾರಣೆ ಮಾಡಿಸಿತು, ಹೇಳಿಕೆಗಳನ್ನು ಬರೆಸಿಕೊಂಡಿತು, ಅವನ್ನೆಲ್ಲ ಬ್ಯಾರಿಸ್ಟರ್ ಮುಂದಿಟ್ಟು ಸಲಹೆ ಕೇಳಿತು. ಅನಂತರವೇ ವಂಚನೆಯ ಒಳಸಂಚಿನ ಆರೋಪ ಹೊರಿಸಿದ್ದು. ಡಾಕ್ಟರು ಖುಲಾಸೆಯಾದರು, ಕಂಪನಿಯ ಮೇಲೆ ದಾವೆ ಹೂಡಿದರು. ನ್ಯಾಯಾಧೀಶರು ಜ್ಯೂರಿಗೆ, ಅಂದರೆ ತೀರ್ಮಾನ ಹೇಳಲು ಕೂರಿಸಿದ ಸಾಮಾನ್ಯ ಜನರ ತಂಡಕ್ಕೆ, ಹಾಕಿದ ಪ್ರಶ್ನೆಗಳನ್ನು ಗಮನವಿಟ್ಟು ಕೇಳಿ. ನಿಜಾಂಶ ತಿಳಿಯಲು ಕಂಪನಿ ತಕ್ಕಷ್ಟು ಎಚ್ಚರ ವಹಿಸಿತ್ತೇ? ತಾನು ಮುಂದಿಟ್ಟ ಆರೋಪವನ್ನು ಪ್ರಾಮಾಣಿಕವಾಗಿ ನಂಬಿತ್ತೇ? ಎರಡಕ್ಕೂ ಜ್ಯೂರಿ ಹೌದು ಅಂದಿತು. ಡಾಕ್ಟರು ಸೋತರು. ನಡುವೆ ಒಂದು ಪೀಠ ಮರುವಿಚಾರಣೆಗೆ ಹೇಳಿತಾದರೂ, 1883ರಲ್ಲಿ ಅಪೀಲು ನ್ಯಾಯಾಲಯ ಅದನ್ನು ತಳ್ಳಿಹಾಕಿತು. 1886ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಕೂಡ ಅಪೀಲು ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಕಾರಣ ಇರಲಿಲ್ಲ ಅನ್ನುವುದನ್ನು ತೋರಿಸುವ ಹೊಣೆ ದಾವೆ ಹೂಡಿದ ವಾದಿಯದೇ ಅಂತ ಅಲ್ಲಿ ಇತ್ಯರ್ಥವಾಯಿತು. ನಮ್ಮ ನ್ಯಾಯಾಲಯಗಳು ಇಂದಿಗೂ ಅದೇ ಸೂತ್ರ ಹಿಡಿದು ನಡೆಯುತ್ತವೆ.

ನೋಡಿ, ಖುಲಾಸೆಯಾದವರೇ ಸೋತರು. ಏಕೆಂದರೆ ಸಿವಿಲ್ ಕೋರ್ಟ್ ನೋಡುವುದು ದೂರು ಕೊಟ್ಟ ದಿನ ದೂರುದಾರನ ತಲೆಯಲ್ಲಿ ಏನಿತ್ತು, ಕೈಯಲ್ಲಿ ಏನಿತ್ತು ಅಂತ.

ನಮ್ಮೂರಿನ ಉದಾಹರಣೆಗೇ ಬರೋಣ. ಪಕ್ಕದ ಹೊಲದವನಿಗೂ ನಿಮಗೂ ಬದುವಿನ ಜಗಳ, ಹತ್ತು ವರ್ಷದ ಹಗೆ. ಅವನ ಪಂಪ್‌ಸೆಟ್ ಕಳುವಾಯಿತು, ನಿಮ್ಮ ಶೆಡ್ಡಿನಲ್ಲಿ ಸಿಕ್ಕಿತು, ಅವನು ದೂರು ಕೊಟ್ಟ. ಅವನಿಗೆ ನಿಮ್ಮ ಮೇಲೆ ಎಷ್ಟೇ ಹಗೆಯಿರಲಿ, ದೂರಿಗೆ ಕಾರಣ ಇತ್ತು. ನಿಮ್ಮ ದಾವೆ ಬಿದ್ದುಹೋಯಿತು. ಅದೇ ಪಂಪು ಕಳುವೇ ಆಗಿಲ್ಲ, ಅವನೇ ಮಾರಿ ರಸೀದಿ ಕೊಟ್ಟಿದ್ದಾನೆ ಅನ್ನಿ. ಆಗ ಕಾರಣ ಇಲ್ಲ, ಮತ್ತು ಅದರಿಂದಲೇ ದುರುದ್ದೇಶವನ್ನು ಊಹಿಸಿಕೊಳ್ಳಲು ಕೋರ್ಟಿಗೆ ಅವಕಾಶವಿದೆ. ಕಾರಣದ ಅಭಾವದಿಂದ ದುರುದ್ದೇಶ ಊಹಿಸಬಹುದು; ದುರುದ್ದೇಶ ಇದ್ದ ಮಾತ್ರಕ್ಕೆ ಕಾರಣ ಇರಲಿಲ್ಲ ಅಂತ ಊಹಿಸುವ ಹಾಗಿಲ್ಲ. ಇದನ್ನು ಬರೆದಿಟ್ಟುಕೊಂಡರೂ ಸರಿಯೇ.

"ಕಣ್ಣಾರೆ ಕಂಡೆ" ಅಂತ ದೂರು ಕೊಟ್ಟವನ ವಿಷಯದಲ್ಲಿ ನಿಮ್ಮ ಕೆಲಸ ಸ್ವಲ್ಪ ಹಗುರ. ಕಂಡದ್ದು ಸುಳ್ಳು ಅಂತಾದರೆ, ತಪ್ಪಾಗಿ ನಂಬಿದ್ದೆ ಅನ್ನಲು ಅವನಿಗೆ ಜಾಗವಿರುವುದಿಲ್ಲ.

ಪೊಲೀಸರು ಚಾರ್ಜ್‌ಶೀಟ್ ಹಾಕಿದ್ದಾರೆ, ತನಗೂ ಅದಕ್ಕೂ ಸಂಬಂಧವಿಲ್ಲ ಅಂತ ದೂರುದಾರ ಜಾರಿಕೊಳ್ಳಲು ನೋಡುತ್ತಾನೆ. ಸುಳ್ಳು ಅಂತ ಗೊತ್ತಿದ್ದೂ ದೂರು ಕೊಟ್ಟು, ಪೊಲೀಸರ ದಾರಿ ತಪ್ಪಿಸಿ, ಸಾಕ್ಷಿ ಹೇಳಲು ಜನ ಕಳಿಸಿದ್ದರೆ ಅವನೇ ಪ್ರಾಸಿಕ್ಯೂಟರ್, ಅಂದರೆ ಕೇಸು ನಡೆಸಿದವನು, ಅಂತ ಆಗ ನಮ್ಮ ಅಪೀಲುಗಳಿಗೆ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1908ರಲ್ಲೇ ಗಯಾ ಪ್ರಸಾದ್ ಪ್ರಕರಣದಲ್ಲಿ ಹೇಳಿದೆ.

ಇನ್ನು ಕಾಗದಪತ್ರ. ಖುಲಾಸೆ ತೀರ್ಪಿನ ನಕಲೊಂದನ್ನೇ ಹಿಡಿದುಕೊಂಡು ಬರಬೇಡಿ. ನೀವು ಖುಲಾಸೆಯಾಗಿದ್ದೀರಿ ಅನ್ನುವುದಕ್ಕಷ್ಟೇ ಅದು ಪುರಾವೆ. ಒಳಗಿನ ಕಾರಣಗಳನ್ನು ಸಿವಿಲ್ ಕೋರ್ಟ್ ಹಾಗೇ ಒಪ್ಪಿಕೊಳ್ಳುವುದಿಲ್ಲ, ತಾನೇ ಸಾಕ್ಷ್ಯ ತೂಗುತ್ತದೆ. ದೂರು, ಎಫ್‌ಐಆರ್, ಚಾರ್ಜ್‌ಶೀಟ್, ಪಾಟೀ ಸವಾಲಿನಲ್ಲಿ ದೂರುದಾರ ಒಪ್ಪಿಕೊಂಡ ಮಾತು, ಎಲ್ಲದರ ದೃಢೀಕೃತ ನಕಲು ತನ್ನಿ. ಸಾಕ್ಷಿಗಳನ್ನು ಮತ್ತೆ ಕಟಕಟೆ ಹತ್ತಿಸಿ. ಉದ್ದೇಶಕ್ಕೆ ಹಳೆಯ ನೋಟಿಸು, ಸಂದೇಶಗಳು ಬೇಕು. "ಮನೆ ಖಾಲಿ ಮಾಡು, ಕೇಸು ವಾಪಸ್ ತಗೋತೀನಿ" ಅಂತ ವಾಟ್ಸಾಪ್ ಬಂದಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಇಲ್ಲ. ಆದರೆ ಬರೀ ಪ್ರಿಂಟ್ ತೆಗೆದು ಕೊಟ್ಟರೆ ನಡೆಯದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೆ ಕೇಳುವ ಪ್ರಮಾಣಪತ್ರ ಜೊತೆಗಿರಬೇಕು. ನಷ್ಟಕ್ಕೆ ವಕೀಲರ ಫೀ ರಸೀದಿ, ಅಮಾನತು ಆದೇಶ, ತಪ್ಪಿದ ಸಂಬಳದ ದಾಖಲೆ.

ಸಮಯ ಮುಗಿಯುತ್ತಾ ಬಂತು. ಹೇಳಲೇಬೇಕಾದ ಎರಡು ವಿಷಯ ಉಳಿದಿವೆ, ಬೇಗ ಹೇಳಿಬಿಡುತ್ತೇನೆ.

ಗಡುವು ಒಂದೇ ವರ್ಷ. 1963ರ ಕಾಲಮಿತಿ ಕಾಯ್ದೆಯ 74ನೇ ಅನುಚ್ಛೇದ. ಖುಲಾಸೆಯಾದ ದಿನದಿಂದ ಎಣಿಕೆ ಶುರು. ತೀರ್ಪಿನ ನಕಲು ಸಿಗಲು ಹಿಡಿದ ದಿನಗಳನ್ನು ಅಪೀಲಿನಲ್ಲಿ ಗಡುವಿನ ಲೆಕ್ಕದಿಂದ ಬಿಡುತ್ತಾರೆ, ದಾವೆಯಲ್ಲಿ ಬಿಡುವುದಿಲ್ಲ. ಎದುರಿನವರು ಅಪೀಲು ಹೋಗುತ್ತಾರೋ ಏನೋ ನೋಡೋಣ ಅಂತ ಕೂರಬೇಡಿ.

ಮ್ಯಾಜಿಸ್ಟ್ರೇಟ್ ಮುಂದಿನ ಕೇಸಾದರೆ, ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 273ನೇ ಕಲಂ, ಅಂದರೆ ಹಳೆಯ ಸಿಆರ್‌ಪಿಸಿಯ 250, ಇನ್ನೊಂದು ದಾರಿ. ಆರೋಪಕ್ಕೆ ಆಧಾರವೇ ಇರಲಿಲ್ಲ ಅನ್ನಿಸಿದರೆ ಮ್ಯಾಜಿಸ್ಟ್ರೇಟರೇ ದೂರುದಾರನಿಂದ ಪರಿಹಾರ ಕೊಡಿಸಬಹುದು. ಪರಿಹಾರ ಯಾಕೆ ಕೊಡಬಾರದು ಅಂತ ಆತನಿಗೆ ಕಾರಣ ಕೇಳುವ ಆದೇಶ ಖುಲಾಸೆಯ ಆದೇಶದಲ್ಲೇ ಬರಬೇಕು. ಹಾಗಾಗಿ ತೀರ್ಪಿಗೆ ಮುಂಚೆಯೇ ನಿಮ್ಮ ವಕೀಲರಿಗೆ ಹೇಳಿ ಅದನ್ನು ಕೇಳಿಸಿ. ನಮಸ್ಕಾರ.