ತಡೆದವರು ಕಾರಣ ಹೇಳಲಿ

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ನಾನೇಕೆ ದೇವರನ್ನು ನಂಬುವುದಿಲ್ಲ ಎಂಬುದನ್ನು ವಿವರಿಸಿದ್ದೆ. ಅದಕ್ಕೆ ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: “ನಾಸ್ತಿಕರ ಇಂಥ ವಿಡಿಯೊಗಳನ್ನು ಸರ್ಕಾರ ಬ್ಲಾಕ್ ಮಾಡಬೇಕು. ಯಾಕೆ ಅಂತ ನಿಮಗೆ ಹೇಳಬೇಕಾಗಿಯೂ ಇಲ್ಲ.” ಮೊದಲನೆಯ ಮಾತು ನನಗೆ ಹೊಸದಲ್ಲ. ಎರಡನೆಯದು ಮಾತ್ರ ಎರಡು ದಿನದಿಂದ ತಲೆ ಕೊರೆಯುತ್ತಿದೆ.

ಹೇಳಬೇಕಾಗಿಲ್ಲವೇ? ಹೇಳಲೇಬೇಕು. ಇವತ್ತು ನನಗಿರುವುದು ಇದೊಂದೇ ಮಾತು.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನ ಗ್ರಂಥಾಲಯದಲ್ಲಿ ಗಾಜಿನ ಬಾಗಿಲಿನ ಒಂದು ಬೀರು ಇತ್ತು. ತೆರೆದರೆ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅದರ ಕೀಲಿಯನ್ನು ಗ್ರಂಥಪಾಲಕರು ಕೆಂಪು ದಾರಕ್ಕೆ ಕಟ್ಟಿ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಪವಾಡಗಳನ್ನು ಒರೆಗೆ ಹಚ್ಚುವ ಒಂದು ಪುಸ್ತಕವನ್ನು ಕೇಳಿದಾಗ ಅವರು, “ಅದು ನಿನಗೆ ಬ್ಯಾಡ ಕಣೋ, ನಿಮ್ಮಪ್ಪನಿಗೆ ಗೊತ್ತಾದ್ರೆ ನನ್ನ ಮೇಲೆ ಜಗಳಕ್ಕೆ ಬರ್ತಾರೆ” ಎಂದರು. ಮರುದಿನ ನಾನು ಅಪ್ಪನನ್ನೇ ಕರೆದುಕೊಂಡು ಹೋದೆ. ಒಂದು ದಿನವೂ ಪೂಜೆ ತಪ್ಪಿಸದ, ಹಣೆಯ ಮೇಲಿನ ವಿಭೂತಿ ಸಂಜೆಯವರೆಗೂ ಮಾಸದ ನಮ್ಮಪ್ಪ ಚೀಟಿಗೆ ತಾವೇ ಸಹಿ ಹಾಕಿ, “ಓದಲಿ ಬಿಡಿ ಸಾರ್” ಎಂದರು. ಗ್ರಂಥಪಾಲಕರು ತಡೆದದ್ದು ತಪ್ಪೇ. ಆದರೆ ಅವರು ಎದುರಿಗೆ ನಿಂತು ಕಾರಣ ಹೇಳಿದರು. ಕಾರಣ ಗೊತ್ತಿದ್ದುದರಿಂದ ಅದಕ್ಕೆ ಉತ್ತರ ಕೊಡುವುದಕ್ಕೂ ಆಯಿತು.

ಕಳೆದ ತಿಂಗಳು, ಧರ್ಮವನ್ನು ಕುರಿತ ಒಂದು ಗಂಟೆಯ ಚರ್ಚೆಯೊಂದನ್ನು ಅರ್ಧ ನೋಡಿ, ಮರುದಿನ ಮುಂದುವರಿಸೋಣವೆಂದು ಫೋನ್ ತೆಗೆದೆ. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಇದು ನಿಮ್ಮ ದೇಶದಲ್ಲಿ ಲಭ್ಯವಿಲ್ಲ. ತೆಗೆಸಿದ್ದು ಸರ್ಕಾರವೋ, ಕಂಪನಿಯೋ, ಹಾಕಿದವರೋ? ಯಾವ ಮಾತಿಗಾಗಿ ತೆಗೆಸಿದರು? ನಾನು ಯಾರ ಬಳಿ ಅಪ್ಪನನ್ನು ಕರೆದುಕೊಂಡು ಹೋಗಲಿ?

ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಪ್ರಕಾರ ಕೇಂದ್ರ ಸರ್ಕಾರ ಅಂತರ್ಜಾಲದ ಪುಟವನ್ನು ತಡೆಯಬಹುದು. ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ರಕ್ಷಣೆ, ಭದ್ರತೆ, ವಿದೇಶಗಳೊಡನೆ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ ಮತ್ತು ಇವುಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಪ್ರಚೋದನೆ, ಇಷ್ಟೇ ಅದಕ್ಕಿರುವ ಆಧಾರಗಳು. ಭಕ್ತರ ಮನಸ್ಸಿಗೆ ನೋವಾಯಿತು ಎಂಬುದು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂತರ್ಜಾಲದಲ್ಲಿ ಆಕ್ಷೇಪಾರ್ಹ ಮಾತು ಹಾಕುವುದನ್ನು ಅಪರಾಧವಾಗಿಸಿದ್ದ 66ಎ ಕಲಮನ್ನು ರದ್ದು ಮಾಡಿತಾದರೂ 69ಎ ಕಲಮನ್ನು ಉಳಿಸಿತು. ಉಳಿಸುವಾಗ ಕೊಟ್ಟ ಸಮರ್ಥನೆಗಳಲ್ಲಿ ಒಂದು, ತಡೆಯುವವರು ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ಆ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂಬುದು. ಒಳ್ಳೆಯ ಮಾತೇ. ಆದರೆ ಇದೇ 69ಎ ಕಲಮಿನಡಿ ಮಾಡಿದ 2009ರ ನಿಯಮಾವಳಿಯ 16ನೇ ನಿಯಮ, ದೂರು ಮತ್ತು ಅದರ ಮೇಲೆ ಕೈಗೊಂಡ ಕ್ರಮ ಎಲ್ಲವನ್ನೂ ಕಟ್ಟುನಿಟ್ಟಾಗಿ ಗೋಪ್ಯವಾಗಿಡಬೇಕು ಎನ್ನುತ್ತದೆ. ಬರೆದ ಕಾರಣವನ್ನು ಬೀಗ ಹಾಕಿಟ್ಟರೆ ಓದುಗನು ನ್ಯಾಯಾಲಯದಲ್ಲಿ ಪ್ರಶ್ನಿಸುವುದಾದರೂ ಏನನ್ನು?

ಕಾಗದದ ಪುಸ್ತಕಕ್ಕೆ ಇದೇ ದೇಶದಲ್ಲಿ ಬೇರೆಯೇ ನ್ಯಾಯವಿದೆ. ಪುಸ್ತಕವೊಂದನ್ನು ಮುಟ್ಟುಗೋಲು ಹಾಕಿಕೊಳ್ಳಬೇಕಾದರೆ ಸರ್ಕಾರವು ತನ್ನ ಅಭಿಪ್ರಾಯಕ್ಕೆ ಆಧಾರಗಳನ್ನು ಅಧಿಸೂಚನೆಯಲ್ಲಿಯೇ ಹೇಳಬೇಕು. ಇದು ಬ್ರಿಟಿಷರ ಕಾಲದಿಂದ ಬಂದ ಕಾನೂನು. 1969ರಲ್ಲಿ ಉತ್ತರ ಪ್ರದೇಶ ಸರ್ಕಾರವು ತಮಿಳುನಾಡಿನ ನಾಸ್ತಿಕ ಚಿಂತಕ ಪೆರಿಯಾರ್ ಅವರ ರಾಮಾಯಣ ವಿಮರ್ಶೆಯ ಹಿಂದಿ ಅನುವಾದವನ್ನು ಮುಟ್ಟುಗೋಲು ಹಾಕಿಕೊಂಡಿತು. ಪ್ರಕಾಶಕ ಲಲಈ ಸಿಂಗ್ ಯಾದವ್ ನ್ಯಾಯಾಲಯಕ್ಕೆ ಹೋದರು. ಆದೇಶದಲ್ಲಿ ಆಧಾರಗಳನ್ನೇ ಹೇಳಿಲ್ಲವೆಂದು ಅಲಹಾಬಾದ್ ಹೈಕೋರ್ಟ್ ಅದನ್ನು ರದ್ದು ಮಾಡಿತು; 1976ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಆ ತೀರ್ಪನ್ನು ಎತ್ತಿಹಿಡಿಯಿತು. ಕಾರಣ ಹೇಳದ ನಿಷೇಧ ನಿಲ್ಲಲಿಲ್ಲ! ಪುಸ್ತಕಕ್ಕಿದ್ದ ಈ ರಕ್ಷಣೆ ಫೋನಿನಲ್ಲಿ ಓದುವ ಪುಟಕ್ಕೆ ಏಕಿಲ್ಲ?

ಈಗ ಪರಿಸ್ಥಿತಿ ಇನ್ನೂ ಸಡಿಲವಾಗಿದೆ. 69ಎ ಕಲಮಿನಡಿ ದೂರನ್ನು ಪರಿಶೀಲಿಸುವ ಅಧಿಕಾರಿಗಳ ಸಮಿತಿ, ವಿಚಾರಣೆ ಯಾವುದೂ ಇಲ್ಲದೆ, ಅಂತರ್ಜಾಲ ಕಂಪನಿಗಳ ಹೊಣೆಗಾರಿಕೆಯನ್ನು ಹೇಳುವ 79ನೇ ಕಲಮಿನ ಆಧಾರದಲ್ಲಿ, ಸಹಯೋಗ್ ಎಂಬ ಸರ್ಕಾರಿ ಪೋರ್ಟಲ್ ಮೂಲಕ ಸರ್ಕಾರಿ ಸಂಸ್ಥೆಗಳು ಕಂಪನಿಗಳಿಗೆ ಇಂಥದ್ದನ್ನು ತೆಗೆಯಿರಿ ಎಂದು ನೇರವಾಗಿ ಸೂಚನೆ ಕಳಿಸಬಹುದು. ಅದನ್ನು ಪ್ರಶ್ನಿಸಿದ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಅರ್ಜಿಯನ್ನು 2025ರ ಸೆಪ್ಟೆಂಬರಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ವಜಾ ಮಾಡಿತು. ನ್ಯಾಯಾಲಯದ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ಆ ಪ್ರಕರಣದ ಬಗ್ಗೆ ಮುಂದಿನ ವಾರ ಪೂರ್ತಿ ಒಂದು ಸಂಚಿಕೆ ಮಾಡುತ್ತಿದ್ದೇನೆ. ಚಾನೆಲ್‌ಗೆ ಚಂದಾದಾರರಾಗಿರದವರು ಈಗಲೇ ಆಗಿ.

“ದೇಶದ ಭದ್ರತೆಯ ವಿಷಯ, ಎಲ್ಲವನ್ನೂ ಬಾಯಿಬಿಟ್ಟು ಹೇಳಲಾಗುತ್ತದೆಯೇ?” ಎನ್ನುತ್ತೀರಿ. ದೇವರಿದ್ದಾನೆಯೇ ಎಂಬ ಚರ್ಚೆಯಲ್ಲಿ ಯಾವ ಸೇನಾ ರಹಸ್ಯ ಅಡಗಿದೆ, ಸ್ವಾಮಿ? “ವಿಪಿಎನ್ ಹಾಕಿಕೊಂಡು ನೋಡಿ” ಎಂದು, ಬೇರೆ ದೇಶದಲ್ಲಿದ್ದಂತೆ ತೋರಿಸುವ ತಂತ್ರಾಂಶವನ್ನು ಸೂಚಿಸುವವರೂ ಇದ್ದಾರೆ. ನನ್ನ ದೇಶದಲ್ಲಿ ಒಂದು ಚರ್ಚೆಯನ್ನು ಕಳ್ಳನಂತೆ ಹಿತ್ತಲ ಬಾಗಿಲಿನಿಂದ ಹೋಗಿ ನಾನೇಕೆ ನೋಡಬೇಕು? “ಭಾವನೆಗೆ ಧಕ್ಕೆಯಾಗುತ್ತದೆ” ಎನ್ನುವುದು ಎಲ್ಲಕ್ಕಿಂತ ಹಳೆಯ ರಾಗ. ಬೇಕೆಂದೇ, ದುರುದ್ದೇಶದಿಂದ ಧರ್ಮವನ್ನು ಅವಮಾನಿಸಿದರೆ ಅದಕ್ಕೆ 1927ರಿಂದ ದಂಡ ಸಂಹಿತೆಯಲ್ಲಿ 295ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 299 ಇದೆ. ಅಲ್ಲಿ ದುರುದ್ದೇಶವನ್ನು ಸಾಬೀತು ಮಾಡಬೇಕು, ಆರೋಪಿಯ ಮಾತನ್ನು ಕೇಳಬೇಕು. ನನ್ನ ಮೇಲೆ ಮೊಕದ್ದಮೆ ಹೂಡಿ, ಬಂದು ನಿಲ್ಲುತ್ತೇನೆ. ಕಾರಣ ಹೇಳದೆ ಬಾಯಿ ಮುಚ್ಚಿಸಬೇಡಿ.

ಪೆರಿಯಾರ್ ಪುಸ್ತಕದ ತೀರ್ಪು ಬಂದ ಅದೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಅವರು ಪವಾಡಗಳ ತನಿಖೆಗೆ ಸಮಿತಿಯನ್ನು ರಚಿಸಿ, ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು, ಪವಾಡಗಳನ್ನು ಪರೀಕ್ಷೆಗೆ ಒಡ್ಡುವಂತೆ ಕೋರಿದರು. ಹೊಗಳಿದವರೂ ಇದ್ದರು, ಟೀಕಿಸಿದವರೂ ಇದ್ದರು. ಪ್ರಶ್ನೆ ಮಾತ್ರ ಎಲ್ಲರ ಕಣ್ಣೆದುರೇ ಇತ್ತು. ನನ್ನ ಅಪ್ಪನಂಥ ಭಕ್ತರೂ ಅದನ್ನು ಓದಿದರು, ಮತ್ತೆ ಪೂಜೆಗೆ ಕುಳಿತರು. ಅವರ ಭಕ್ತಿ ಒಂದು ಪತ್ರಕ್ಕೆ ಮುರಿದುಬೀಳುವಷ್ಟು ಬಡಕಲಾಗಿರಲಿಲ್ಲ. ಅವರು ಓದಬಾರದು ಎಂದು ತೀರ್ಮಾನಿಸಲು ನೀವು ಯಾರು?

ಕಾರಣ ಹೇಳಿ. ಒಂದೇ ಸಾಲು ಸಾಕು. ತಡೆದವರ ಹುದ್ದೆ, ಕಲಮು, ತಪ್ಪೆನಿಸಿದ ಮಾತು, ಇಷ್ಟನ್ನು ಆ ಕಪ್ಪು ಪರದೆಯ ಮೇಲೆ ಬರೆಯಿರಿ. ನನ್ನನ್ನು ಬ್ಲಾಕ್ ಮಾಡಿಸಬೇಕೆಂದು ಬರೆದ ವೀಕ್ಷಕರೇ, ನಿಮ್ಮನ್ನೂ ಅದನ್ನೇ ಕೇಳುತ್ತೇನೆ. ಆ ಸಂಚಿಕೆ ನಲವತ್ತು ನಿಮಿಷವಿದೆ. ಎಷ್ಟನೆಯ ನಿಮಿಷ, ಯಾವ ವಾಕ್ಯ? ಬರೆದು ಕಳಿಸಿ. ಮುಂದಿನ ವಾರ ನಿಮ್ಮ ಉತ್ತರವನ್ನು ಒಂದಕ್ಷರವೂ ಬಿಡದೆ ಇಲ್ಲಿಯೇ ಓದುತ್ತೇನೆ.