ನಾಯಿಮರಿಯ ದವಡೆ ಸೊಟ್ಟ ಇದೆಯಾ? ಮೊದಲು ಬಾಯಿ ಮುಚ್ಚಿಸಿ ನೋಡಿ

(ಗಂಗಾವತಿಯ ಮನೆಯ ಕಟ್ಟೆ. ತೊಡೆ ಮೇಲೆ ಮುಧೋಳ ತಳಿಯ ನಾಯಿಮರಿ.)

ನಮಸ್ಕಾರ. ಇವನು ನಮ್ಮ ರಾಜ, ಮೂರೂವರೆ ತಿಂಗಳು. ಹೋದ ವಾರ ಪಕ್ಕದ ಮನೆ ಕಾಕಾ ಇವನ ಬಾಯಿ ಅಗಲಿಸಿ ನೋಡಿ, "ತಮ್ಮಾ, ದವಡಿ ಸೊಟ್ಟ ಐತಲ್ಲೋ!" ಅಂದುಬಿಟ್ಟರು. ಆ ರಾತ್ರಿ ಟಾರ್ಚ್ ಹಿಡಿದು ನಾಲ್ಕು ಸಲ ನೋಡಿದೆ.

ಕಾಕಾ ತಪ್ಪಿದ್ದು ಎಲ್ಲಿ ಗೊತ್ತಾ? ಬಾಯಿ ತೆರೆಸಿದರೆ ಏನೂ ತಿಳಿಯಲ್ಲ. ಬಾಯಿ ಮುಚ್ಚಿರಬೇಕು, ತುಟಿ ಮಾತ್ರ ಎತ್ತಬೇಕು.

(ತುಟಿ ಎತ್ತಿ ತೋರಿಸುವುದು.)

ಮೇಲಿನ ಮುಂಹಲ್ಲು ಕೆಳಗಿನದರ ಮುಂದೆ, ತಾಗಿದ ಹಾಗೆ ಕೂರಬೇಕು, ಕತ್ತರಿಯ ಅಲಗಿನಂತೆ. ರಾಜನಿಗೆ ಮಧ್ಯೆ ಒಂದು ಅಕ್ಕಿಕಾಳು ಹಿಡಿಸುವಷ್ಟು ಸಂದು ಇದೆ. ಭತ್ತದ ಊರು, ಅಳತೆಗೂ ಅಕ್ಕಿನೇ!

ಸದ್ಯಕ್ಕೆ ನಾನು ಕಾಯುತ್ತಿದ್ದೇನೆ. ಮೇಲಿನ ದವಡೆ, ಕೆಳಗಿನ ದವಡೆ ಒಂದೇ ವೇಗದಲ್ಲಿ ಬೆಳೆಯಲ್ಲ. ಇವತ್ತಿನ ಸಂದು ಮುಂದೆ ಕಮ್ಮಿಯೂ ಆಗಬಹುದು, ಜಾಸ್ತಿಯೂ ಆಗಬಹುದು. ಹಾಲುಹಲ್ಲು 28. ಅವೆಲ್ಲ ಬಿದ್ದು ಆರೇಳು ತಿಂಗಳ ಹೊತ್ತಿಗೆ 42 ಗಟ್ಟಿ ಹಲ್ಲು ಬರುತ್ತವೆ. ಹದಿನೈದು ದಿನಕ್ಕೊಮ್ಮೆ ಪಕ್ಕದಿಂದ ಒಂದು ಫೋಟೋ ತೆಗೆದಿಡಿ, ಸಾಕು. ಪಗ್, ಬಾಕ್ಸರ್ ಸಾಕಿದವರು ಗಾಬರಿ ಆಗಬೇಡಿ, ಅವುಗಳ ಕೆಳದವಡೆ ಮುಂದಿರುವುದೇ ಜಾತಿಯ ಲಕ್ಷಣ.

ಆದರೆ ಎರಡು ವಿಷಯಕ್ಕೆ ಕಾಯಬಾರದು.

(ಹತ್ತಿರದಿಂದ: ಕೋರೆಹಲ್ಲು.)

ಕೆಳಗಿನ ಕೋರೆಹಲ್ಲು ಒಳಕ್ಕೆ ವಾಲಿ ಅಂಗುಳಕ್ಕೆ ಚುಚ್ಚುತ್ತಿದೆಯಾ? ಅಲ್ಲಿ ಸಣ್ಣ ಗುಳಿ, ಕೆಂಪು ಕಾಣುತ್ತದೆ. ಮರಿಗೆ ನೋವು ಒಂದು ಕಡೆ, ಹಲ್ಲು ಗೂಟದ ಹಾಗೆ ಸಿಕ್ಕಿಕೊಂಡು ಕೆಳದವಡೆಯನ್ನು ಬೆಳೆಯಲು ಬಿಡಲ್ಲ ಅನ್ನೋದು ಇನ್ನೊಂದು ಕಡೆ. ಅದಕ್ಕೇ ಕೆಲವೊಮ್ಮೆ ಡಾಕ್ಟರ್ ಆ ಹಾಲುಹಲ್ಲನ್ನೇ ಬೇಗ ಕಿತ್ತು ದಾರಿ ಬಿಡಿಸುತ್ತಾರೆ.

ಎರಡನೆಯದು, ಐದಾರು ತಿಂಗಳಲ್ಲಿ ಹೊಸ ಕೋರೆ ಬಂದರೂ ಹಳೆಯದು ಪಕ್ಕದಲ್ಲೇ ಉಳಿಯುವುದು. ಜೋಡಿ ಹಲ್ಲು ಕಂಡರೆ ದನದ ದವಾಖಾನೆಗೆ ನಡೀರಿ. ಮನೆಯಲ್ಲಿ ಇಕ್ಕಳ ಹಾಕಬೇಡಿ, ದಮ್ಮಯ್ಯ. ಹಾಲುಕೋರೆಯ ಬೇರು ಉದ್ದ, ಸಣಕಲು. ಎಳೆದರೆ ಒಳಗೇ ಮುರಿಯುತ್ತದೆ.

ಹಲ್ಲು ಬದಲಾಗುವ ತನಕ ಹಗ್ಗ ಜಗ್ಗಾಟ, ಗಟ್ಟಿ ಎಲುಬು ಬೇಡ. ದವಡೆಯ ಐಬು ಹೆಚ್ಚಾಗಿ ವಂಶದಲ್ಲೇ ಬರುತ್ತದೆ. ಹಾಗಾಗಿ ರಾಜನ ಸಂದು ಹೀಗೇ ಉಳಿದರೆ ಅವನು ಆರಾಮಾಗಿ ರೊಟ್ಟಿ ತಿಂದುಕೊಂಡಿರಲಿ, ಮರಿ ಹಾಕಿಸಲು ಮಾತ್ರ ಬಿಡಲ್ಲ.

(ಅಂಗೈ ಮೇಲೆ ಪುಟ್ಟ ಹಲ್ಲು.)

ನಿನ್ನೆ ಕಾಕಾನ ಚಪ್ಪಲಿಯಲ್ಲಿ ಇದು ಸಿಕ್ಕಿತು. ರಾಜನ ಮೊದಲ ಹಾಲುಹಲ್ಲು. ಚಪ್ಪಲಿ ವಿಷಯ ಕಾಕಾಗೆ ಇನ್ನೂ ಹೇಳಿಲ್ಲ.